ಕಟ್ಟಡಕ್ಕೆ ಪ್ರಶಸ್ತಿ ಬೇಕು ಅಂದರೆ ಪಾಯ ತೋಡುವ ದಿನವೇ ಶುರು ಮಾಡಿ

ತುಮಕೂರಿನಲ್ಲಿ ಹದಿನೆಂಟು ವರ್ಷದಿಂದ ಕಂಟ್ರಾಕ್ಟ್ ಕೆಲಸ ಮಾಡುತ್ತಿದ್ದೇನೆ. ಮನೆ, ಅಂಗಡಿ ಸಾಲು, ಹಾಸ್ಟೆಲ್, ಇಂಥವೇ ಜಾಸ್ತಿ. ಮೊದಲ ಸಲ ಪ್ರಶಸ್ತಿಗೆ ಅರ್ಜಿ ಹಾಕಿದ್ದು ಕ್ಯಾತ್ಸಂದ್ರದ ಹತ್ತಿರ ಕಟ್ಟಿದ ಒಂದು ಹಾಸ್ಟೆಲ್‌ಗೆ. ಕಟ್ಟಡ ಚೆನ್ನಾಗಿತ್ತು. ಇವತ್ತಿಗೂ ಒಂದು ಹನಿ ಸೋರಿಲ್ಲ. ನೋಡಲು ಬಂದ ಇಬ್ಬರು ಹಿರಿಯ ಎಂಜಿನಿಯರ್‌ಗಳು ಸ್ಲ್ಯಾಬ್ ಕೆಳಗೆ ನಿಂತು, "ಕಾಂಕ್ರೀಟ್ ಹಾಕೋ ಮುಂಚೆ ಕಂಬಿ ಕಟ್ಟಿದ ಫೋಟೊ ತೋರಿಸಿ" ಅಂದರು. ನನ್ನ ಹತ್ತಿರ ಇದ್ದದ್ದು ಗುದ್ದಲಿ ಪೂಜೆಯ ಫೋಟೊ, ಸ್ಲ್ಯಾಬ್ ದಿನ ಎಲ್ಲರೂ ಸಾಲಾಗಿ ನಿಂತ ಫೋಟೊ, ಆಮೇಲೆ ಉದ್ಘಾಟನೆಯದು. ಕಂಬಿ ಸರಿಯಾಗಿಯೇ ಕಟ್ಟಿಸಿದ್ದೆ. ಆದರೆ ಕಾಂಕ್ರೀಟ್ ಬಿದ್ದ ಮೇಲೆ ಅದು ಯಾರಿಗೆ ಕಾಣುತ್ತೆ?

ಅದಕ್ಕೇ ಹೇಳುತ್ತಿದ್ದೇನೆ, ಅರ್ಜಿ ಕರೆದಾಗ ಕೂತು ಬರೆಯೋದು ಕೊನೆಯ ಕೆಲಸ. ಮೊದಲ ಕೆಲಸ ಸೈಟ್‌ನಲ್ಲಿ.

ಎಲ್ಲಿಗೆ ಅರ್ಜಿ ಹಾಕಬೇಕು ಅನ್ನೋದನ್ನು ಮೊದಲೇ ನೋಡಿಕೊಳ್ಳಿ. ಇಂಡಿಯನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಕೇಂದ್ರ ರಾಜ್ಯದ ಒಳ್ಳೆಯ ಕಾಂಕ್ರೀಟ್ ಕಟ್ಟಡಗಳನ್ನು ಗುರುತಿಸುತ್ತದೆ. ಕನ್ಸಲ್ಟಿಂಗ್ ಸಿವಿಲ್ ಎಂಜಿನಿಯರ್‌ಗಳ ಸಂಘದ ಮುಖ್ಯ ಕಚೇರಿಯೂ ಬೆಂಗಳೂರಲ್ಲೇ ಇದೆ, ಅವರದ್ದೂ ಪ್ರಶಸ್ತಿಗಳಿವೆ. ಬಿಲ್ಡರ್‌ಗಳ ಸಂಘವಾದ ಕ್ರೆಡಾಯ್‌ನ ಪ್ರಶಸ್ತಿಗಳು ಅವರ ದೊಡ್ಡ ಪ್ರಾಜೆಕ್ಟ್‌ಗಳಿಗೆ. ಸೆಪ್ಟೆಂಬರ್ 15, ನಮ್ಮ ಪಕ್ಕದ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ದಿನ. ಆ ಹೊತ್ತಿಗೆ ಊರಿನ ಸಂಘಗಳೂ ಸನ್ಮಾನ ಇಟ್ಟುಕೊಳ್ಳುತ್ತವೆ. ನಿಯಮದ ಪತ್ರ ತರಿಸಿಕೊಂಡು ಎರಡು ವಿಷಯ ಓದಿ: ಕಟ್ಟಡ ಯಾವ ತಾರೀಖಿನೊಳಗೆ ಮುಗಿದಿರಬೇಕು, ನಿಮ್ಮ ಅಳತೆಯ ಕಟ್ಟಡಕ್ಕೆ ಬೇರೆ ವಿಭಾಗ ಇದೆಯಾ. ಮೂವತ್ತು ಚದರದ ಮನೆಯನ್ನು ಫ್ಲೈಓವರ್ ಜೊತೆ ಸ್ಪರ್ಧೆಗೆ ಬಿಡಬೇಡಿ. "ನೀವು ಆಯ್ಕೆಯಾಗಿದ್ದೀರಿ, ಇಷ್ಟು ದುಡ್ಡು ಕಟ್ಟಿ" ಅಂತ ಫೋನ್ ಬಂದರೆ, ಕಟ್ಟಡ ನೋಡೋಕೆ ಯಾರು ಬರ್ತಾರೆ ಅಂತ ಕೇಳಿ. ಯಾರೂ ಬರಲ್ಲ ಅಂದರೆ ಅಲ್ಲಿಗೆ ಬಿಡಿ.

ಈಗ ಸೈಟ್‌ಗೆ ಬರೋಣ. ಮಕ್ಕಳು ಬರೆಯುವ ಒಂದು ಸ್ಲೇಟು ತಗೊಳ್ಳಿ. ಪ್ರತಿ ಫೋಟೊದಲ್ಲೂ ಸ್ಲೇಟು ಇರಬೇಕು. ಅದರ ಮೇಲೆ ತಾರೀಖು, ಜಾಗ, ಕಾಲಂ (ಕಂಬ) ನಂಬರ್ ಬರೆದಿರಬೇಕು. ಪಕ್ಕದಲ್ಲಿ ಟೇಪು ಬಿಚ್ಚಿಟ್ಟಿರಬೇಕು. ಕಂಬಿ ಅಂತರ 150 ಮಿಲಿಮೀಟರ್ ಅಂತ ಡ್ರಾಯಿಂಗ್‌ನಲ್ಲಿದ್ದರೆ ಟೇಪಿನ ಮೇಲೆ ಆ 150 ಕಾಣಬೇಕು. ಕವರ್ ಅಂದರೆ ಕಂಬಿಯ ಹೊರಗೆ ಅದನ್ನು ಮುಚ್ಚುವ ಕಾಂಕ್ರೀಟ್‌ನ ದಪ್ಪ; ಆ ಅಂತರ ಉಳಿಯಲು ಕಂಬಿಗೆ ಕೊಡುವ ಕವರ್ ಬ್ಲಾಕಿನ ಫೋಟೊವನ್ನು ಹತ್ತಿರದಿಂದ ತೆಗೆಯಿರಿ. ಮಾಮೂಲಿ ಕಾಲಂಗೆ 40, ಪಾಯಕ್ಕೆ 50 ಮಿಲಿಮೀಟರ್ ಕವರ್ ಇದೆ ಅನ್ನೋದಕ್ಕೆ ಆಮೇಲೆ ಬೇರೆ ಸಾಕ್ಷಿ ಸಿಗಲ್ಲ. ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ ಸುಮ್ನೆ ಬಿಡಬೇಡಿ, ಚಿತ್ರ ಕುಗ್ಗಿ ಟೇಪಿನ ಅಂಕಿ ಮಸುಕಾಗುತ್ತದೆ. ಅವತ್ತೇ ಸಂಜೆ ಕಂಪ್ಯೂಟರ್‌ಗೆ ಹಾಕಿ.

ಕ್ಯೂಬ್, ಅಂದರೆ ಗಟ್ಟಿತನ ಪರೀಕ್ಷಿಸಲು ಅದೇ ಕಾಂಕ್ರೀಟನ್ನು ಮೋಲ್ಡ್‌ಗೆ ತುಂಬಿ ಮಾಡುವ ಚೌಕದ ತುಂಡು. ಅದಕ್ಕೆ ಜಾಸ್ತಿ ಹೊತ್ತು ಕೊಡಿ. ಸಣ್ಣ ಕಂಟ್ರಾಕ್ಟರ್‌ಗಳು ಹಿಂದೆ ಬೀಳೋದು ಇಲ್ಲೇ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುವ ಲೆಕ್ಕ ಇದೆ: 5 ಕ್ಯೂಬಿಕ್ ಮೀಟರ್‌ವರೆಗೆ ಒಂದು ಸ್ಯಾಂಪಲ್, 6ರಿಂದ 15ಕ್ಕೆ ಎರಡು, 30ರವರೆಗೆ ಮೂರು, 50ರವರೆಗೆ ನಾಲ್ಕು. ಒಂದು ಸ್ಯಾಂಪಲ್ ಅಂದರೆ ಮೂರು ಕ್ಯೂಬ್. ನನ್ನ ಎರಡನೇ ಅರ್ಜಿಯ ಕಟ್ಟಡದಲ್ಲಿ ಒಂದು ಸ್ಲ್ಯಾಬ್‌ಗೆ 42 ಕ್ಯೂಬಿಕ್ ಮೀಟರ್ ಕಾಂಕ್ರೀಟ್ ಬಿತ್ತು. ಅಂದರೆ 28 ದಿನದ ಪರೀಕ್ಷೆಗೇ 12 ಕ್ಯೂಬ್. 7 ದಿನಕ್ಕೆ ನೋಡೋಕೆ ಅಂತ ಇನ್ನೊಂದಿಷ್ಟು ಬೇರೆ ತುಂಬಿಸಿದ್ದೆ.

ಕ್ಯೂಬ್ ತುಂಬೋದನ್ನೂ ಯಾರೋ ಹುಡುಗನಿಗೆ ಬಿಡಬೇಡಿ. ಮೂರು ಪದರ, ಪ್ರತಿ ಪದರಕ್ಕೂ ರಾಡಿನಲ್ಲಿ 35 ಸಲ ಕುಟ್ಟಬೇಕು. ನಮ್ಮ ಮೇಸ್ತ್ರಿ ಬಾಯಲ್ಲಿ ಎಣಿಸುತ್ತಾ ಕುಟ್ಟುತ್ತಿದ್ದರು. ಮೇಲ್ಮೈ ಸ್ವಲ್ಪ ಗಟ್ಟಿಯಾದ ಮೇಲೆ ಮೊಳೆಯಿಂದ ತಾರೀಖು, ಕಾಲಂ ನಂಬರ್ ಗೀರುತ್ತಿದ್ದರು. ಮಾರನೇ ದಿನ ಮೋಲ್ಡ್ ಬಿಚ್ಚಿ ನೀರಿನ ತೊಟ್ಟಿಗೆ. ಎಂ25 ಕಾಂಕ್ರೀಟ್‌ನ 150 ಮಿಲಿಮೀಟರ್ ಕ್ಯೂಬ್ 28 ದಿನಕ್ಕೆ ಚದರ ಮಿಲಿಮೀಟರ್‌ಗೆ 25 ನ್ಯೂಟನ್ ಮುಟ್ಟಬೇಕಾದರೆ ಮೆಷಿನ್‌ನಲ್ಲಿ 562 ಕಿಲೋನ್ಯೂಟನ್ ದಾಟಬೇಕು. ಲ್ಯಾಬಿನಲ್ಲಿ ಆ ಅಂಕಿ ಏರುವಾಗ ಒಮ್ಮೆಯಾದರೂ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಪಕ್ಕ ನಿಲ್ಲಿಸಿ. ತನ್ನ ಕೈಯಿಂದ ಬಂದ ಕ್ಯೂಬ್ ಒಡೆಯೋದನ್ನು ನೋಡಿದವರು ಮುಂದಿನ ಸಲ ಒಂದು ಬಕೆಟ್ ನೀರು ಹೆಚ್ಚು ಹಾಕೋಕೆ ಬಿಡಲ್ಲ. ರಿಪೋರ್ಟ್‌ಗಳನ್ನು ಒಂದೂ ಬಿಡದೆ ಲಗತ್ತಿಸಿ. ಚೆನ್ನಾಗಿ ಬಂದದ್ದನ್ನು ಮಾತ್ರ ಆರಿಸಿದರೆ ಸ್ಯಾಂಪಲ್ ನಂಬರ್‌ಗಳ ನಡುವೆ ಜಾಗ ಬೀಳುತ್ತೆ, ನೋಡುವವರಿಗೆ ತಕ್ಷಣ ಗೊತ್ತಾಗುತ್ತೆ.

ಕ್ಯೂರಿಂಗ್‌ಗೂ ದಿನಾ ಒಂದು ಫೋಟೊ. ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟ್ ಆದರೆ ಕನಿಷ್ಠ 10 ದಿನ ಒದ್ದೆ ಇರಬೇಕು. ಮಾರ್ಚಿನ ಬಿಸಿಲಲ್ಲಿ ಬೆಳಗ್ಗೆ ನೆನೆಸಿದ ಗೋಣಿಚೀಲ ಹನ್ನೊಂದಕ್ಕೆಲ್ಲ ಗರಿಗರಿ ಆಗಿರುತ್ತದೆ. ಸ್ಲ್ಯಾಬ್ ಮೇಲೆ ಬದು ಕಟ್ಟಿ ನೀರು ನಿಲ್ಲಿಸಿ. ಕಾಲಂಗೆ ಗೋಣಿ ಸುತ್ತಿ, ಮಧ್ಯಾಹ್ನ ಒಬ್ಬರಿಗೆ ಅದೇ ಕೆಲಸ ಹಚ್ಚಿ.

ತಪ್ಪಾದರೆ ಮುಚ್ಚಬೇಡಿ. ನೆಲ ಅಂತಸ್ತಿನ ಒಂದು ಕಾಲಂನ ಬುಡದಲ್ಲಿ, ಸೆಂಟ್ರಿಂಗ್ ಬಿಚ್ಚಿದಾಗ, ಅಂಗೈಯಗಲ ಹನಿಕೂಂಬ್, ಅಂದರೆ ಜೇನುಗೂಡಿನಂತೆ ತೂತುಬಿದ್ದ ಕಾಂಕ್ರೀಟ್, ಕಂಡಿತು. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಅಲ್ಲಿವರೆಗೆ ಇಳಿದಿರಲಿಲ್ಲ. ಗಾರೆ ಬಳಿದು ಮುಗಿಸಬಹುದಿತ್ತು. ಡಿಸೈನ್ ಮಾಡಿದ ಎಂಜಿನಿಯರ್‌ನ್ನು ಕರೆಸಿ ತೋರಿಸಿದೆವು. ಅವರು ಹೇಳಿದಂತೆ ಸಡಿಲ ಜಲ್ಲಿಯನ್ನೆಲ್ಲ ಕೆತ್ತಿ, ತೊಳೆದು, ಒಣಗಿದಾಗ ಕುಗ್ಗದ ನಾನ್ ಶ್ರಿಂಕ್ ಗ್ರೌಟ್ ತುಂಬಿದೆವು. ಪ್ರತಿ ಹಂತದ ಫೋಟೊ ಅರ್ಜಿಯಲ್ಲಿ ಹಾಕಿದೆ. ಮನೆಯವರು ಬೇಡ ಅಂದಿದ್ದರು. ತೀರ್ಪುಗಾರರು ಬಂದಾಗ ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದು ಆ ಕಾಲಂ ಹತ್ತಿರ. ಕೇಳಿದ್ದಕ್ಕೆಲ್ಲ ಉತ್ತರ ಇತ್ತು.

ಅರ್ಜಿಯಲ್ಲಿ ಕೆಲಸ ಮಾಡಿದವರ ಹೆಸರು ಬರೆಯಿರಿ. ಮಾಲೀಕರು, ಆರ್ಕಿಟೆಕ್ಟ್, ಕಂಟ್ರಾಕ್ಟರ್ ಅಂತ ಫಾರಂನಲ್ಲಿ ಮೂರು ಸಾಲು ಇರುತ್ತೆ, ಮೇಸ್ತ್ರಿಗೆ ಸಾಲು ಇರಲ್ಲ. ನಾನು ಬೇರೆ ಹಾಳೆ ಸೇರಿಸಿದೆ: ಗಾರೆಯವರು, ಬಾರ್ ಬೆಂಡರ್‌ಗಳು, ಸೆಂಟ್ರಿಂಗ್‌ನವರು, ಕ್ಯೂರಿಂಗ್ ಮಾಡಿದ ಅಮ್ಮ, ಎಲ್ಲರದ್ದೂ. ಆ ಪಟ್ಟಿ ಮಾಡುವಾಗ ಇನ್ನೊಂದು ಗೊತ್ತಾಯಿತು, ಅರ್ಧ ಜನರಿಗೆ ಕಾರ್ಮಿಕ ಕಾರ್ಡ್ ಇರಲಿಲ್ಲ. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಣಿ ಮಾಡಿಸಬಹುದು. ಕೆಲಸ ಮಾಡಿದ್ದಕ್ಕೆ ಪ್ರಮಾಣ ಪತ್ರ ಬೇಕಾಗುತ್ತೆ, ನೀವೇ ಮುಂದೆ ನಿಂತು ಮಾಡಿಸಿಕೊಡಿ. ಹೆಲ್ಮೆಟ್, ಬೆಲ್ಟ್, ಸಾರುವೆಯ ಫೋಟೊ ಕೇಳುವ ಪ್ರಶಸ್ತಿಗಳೂ ಇವೆ. ಒಂದು ದಿನಕ್ಕೆ ಹೊಸ ಹೆಲ್ಮೆಟ್ ಹಾಕಿಸಿ ತೆಗೆದ ಫೋಟೊ ನೋಡಿದ ಕೂಡಲೇ ಗೊತ್ತಾಗಿಬಿಡುತ್ತೆ.

ವಿವರಣೆ ಬರೆಯುವಾಗ "ಅತ್ಯುತ್ತಮ ಗುಣಮಟ್ಟ" ಅಂತ ಬರೆಯೋ ಬದಲು ಅಂಕಿ ಬರೆಯಿರಿ. ಒಂದು ಮಳೆಗಾಲ ಕಳೆದಿದ್ದರೆ, ಸೋರಿಲ್ಲ ಅಂತ ಮಾಲೀಕರಿಂದ ಪತ್ರ ತಗೊಳ್ಳಿ. ಎರಡು ಸೆಟ್ ಮಾಡಿ, ಒಂದು ನಿಮ್ಮಲ್ಲಿರಲಿ.

ನೋಡಲು ಬರುವ ದಿನ ಮೇಸ್ತ್ರಿಯೂ ಅಲ್ಲಿರಬೇಕು. ಅವರನ್ನೇ ಮಾತಾಡಲು ಬಿಡಿ.

ಪ್ರಶಸ್ತಿ ಬರದಿದ್ದರೆ ಫೋನ್ ಮಾಡಿ, ಎಲ್ಲಿ ಕಮ್ಮಿಯಾಯಿತು ಅಂತ ಕೇಳಿ. ಮೊದಲ ಸಲ ಸೋತಾಗ ನಾನು ಕೇಳಿದ್ದಕ್ಕೆ ಅವತ್ತು ಬಂದಿದ್ದ ಹಿರಿಯರೊಬ್ಬರು ಇಪ್ಪತ್ತು ನಿಮಿಷ ಬಿಡಿಸಿ ಹೇಳಿದರು. ಸ್ಲೇಟಿನ ಉಪಾಯವೂ ಅವರದ್ದೇ. ಎರಡನೇ ಸಲ ಸಿಕ್ಕ ಪ್ರಮಾಣ ಪತ್ರವನ್ನು ಜೆರಾಕ್ಸ್ ಮಾಡಿಸಿ ಹೆಸರಿನ ಪಟ್ಟಿಯಲ್ಲಿದ್ದ ಇಪ್ಪತ್ತೊಂದು ಜನರಿಗೂ ಕೊಟ್ಟೆ. ಮೇಸ್ತ್ರಿ ತಮ್ಮದನ್ನು ಲ್ಯಾಮಿನೇಷನ್ ಮಾಡಿಸಿ, ಹೊಸ ಕೆಲಸ ಕೇಳಲು ಹೋಗುವಾಗ ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತಾರೆ.