ಪಿಎಸ್‌ಎ ರಕ್ತಪರೀಕ್ಷೆ: ಮಾಡಿಸುವ ಮುನ್ನ ಮತ್ತು ವರದಿ ಕೈಗೆ ಬಂದಾಗ

ಪಿಎಸ್‌ಎ (ಪ್ರಾಸ್ಟೇಟ್ ಸ್ಪೆಸಿಫಿಕ್ ಆ್ಯಂಟಿಜೆನ್) ಎಂಬುದು ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕಲು ಗಂಡಸರಿಗೆ ಮಾಡುವ ರಕ್ತಪರೀಕ್ಷೆ; ಅದರ ವರದಿಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಅಂಕಿ. ಅದರ ಪಕ್ಕದಲ್ಲಿ ‘0–4’ ಎಂಬ ಮಿತಿ ಅಚ್ಚಾಗಿರುತ್ತದೆ; ಅಂಕಿ ಆ ಮಿತಿಯನ್ನು ದಾಟಿದರೆ ದಪ್ಪಕ್ಷರವೋ ನಕ್ಷತ್ರದ ಗುರುತೋ ಬೀಳುತ್ತದೆ, ಅದನ್ನು ಕಂಡೊಡನೆ ಎದೆ ಧಸಕ್ಕೆನ್ನುತ್ತದೆ. ಆದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯು ವೀರ್ಯವನ್ನು ತೆಳುವಾಗಿಸಲು ಸ್ರವಿಸುವ ಪಿಎಸ್‌ಎ ಎಂಬ ಪ್ರೋಟೀನು ರಕ್ತಕ್ಕೆ ಎಷ್ಟು ಸೋರಿದೆ ಎಂಬುದಷ್ಟೇ ಈ ಪರೀಕ್ಷೆಯಿಂದ ತಿಳಿಯುತ್ತದೆ. ಕ್ಯಾನ್ಸರ್ ಇದ್ದಾಗ ಈ ಸೋರಿಕೆ ಹೆಚ್ಚುವಂತೆಯೇ, ವಯಸ್ಸಾದಂತೆ ಗ್ರಂಥಿ ದೊಡ್ಡದಾದಾಗಲೂ ಅದಕ್ಕೆ ಸೋಂಕು ತಗುಲಿದಾಗಲೂ ಹೆಚ್ಚುತ್ತದೆ.

ಪರೀಕ್ಷೆಗೆ ಒಪ್ಪುವ ಮೊದಲು, ಅಂಕಿ ಹೆಚ್ಚು ಬಂದರೆ ಮುಂದಿನ ತಪಾಸಣೆಗಳಿಗೆ ತಾವು ಸಿದ್ಧರಿದ್ದೀರಾ ಎಂದು ಯೋಚಿಸಿಕೊಳ್ಳಿ. ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಹಲವು ಬಹಳ ನಿಧಾನವಾಗಿ ಬೆಳೆಯುವಂಥವು. ಬದುಕಿನುದ್ದಕ್ಕೂ ತೊಂದರೆ ಕೊಡದೆ ಉಳಿಯಬಹುದಾಗಿದ್ದ ಗಡ್ಡೆಯನ್ನು ಹುಡುಕಿ ತೆಗೆದು, ಮೂತ್ರ ತಡೆಯಲಾಗದ ತೊಂದರೆಯನ್ನೋ ಲೈಂಗಿಕ ದೌರ್ಬಲ್ಯವನ್ನೋ ತಂದುಕೊಳ್ಳುವ ಸಂಭವವಿದೆ. ಈ ಕಾರಣದಿಂದಲೇ ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆಯು 2018ರಲ್ಲಿ, 55ರಿಂದ 69ರ ವಯಸ್ಸಿನವರು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಲಿ ಎಂದೂ, 70 ದಾಟಿದವರಿಗೆ ವಾಡಿಕೆಯ ತಪಾಸಣೆ ಬೇಡವೆಂದೂ ಹೇಳಿತು. ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದರೆ, ಅಥವಾ ಬಿಆರ್‌ಸಿಎ2 ಎಂಬ, ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಜೀನಿನ ದೋಷ ಕುಟುಂಬದಲ್ಲಿದ್ದರೆ, ಈ ಮಾತುಕತೆಯನ್ನು 40–45ರಲ್ಲೇ ಆರಂಭಿಸುವುದು ಒಳ್ಳೆಯದು.

ರಕ್ತ ಕೊಡುವ ಹಿಂದಿನ ದಿನಗಳನ್ನು ಹೆಚ್ಚಿನವರು ಹಗುರವಾಗಿ ಪರಿಗಣಿಸುತ್ತಾರೆ. ಉಪವಾಸ ಬೇಕಿಲ್ಲ. ಆದರೆ ಹಿಂದಿನ 48 ಗಂಟೆಗಳಲ್ಲಿ ವೀರ್ಯಸ್ಖಲನವಾಗಿರಬಾರದು, ಸೀಟಿನ ಒತ್ತಡ ಗ್ರಂಥಿಯ ಮೇಲೆ ಬೀಳುವಂತೆ ದೀರ್ಘಕಾಲ ಸೈಕಲ್ ತುಳಿದಿರಬಾರದು. ಮೂತ್ರನಾಳದ ಸೋಂಕು ಬಂದು ಹೋಗಿದ್ದರೆ ಅಥವಾ ಪ್ರಾಸ್ಟೇಟ್ ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು) ಆಗಿದ್ದರೆ ಸುಮಾರು ಆರು ವಾರ ಕಾಯಬೇಕು. ವೈದ್ಯರು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಪರೀಕ್ಷಿಸುವವರಿದ್ದರೆ ರಕ್ತವನ್ನು ಮೊದಲೇ ಕೊಟ್ಟುಬಿಡಿ.

ಸೇವಿಸುತ್ತಿರುವ ಔಷಧಗಳ ವಿವರವನ್ನು ತಪ್ಪದೆ ತಿಳಿಸಬೇಕು. ಗ್ರಂಥಿಯ ಊತಕ್ಕೆ ಕೊಡುವ ಫಿನಾಸ್ಟರೈಡ್ ಮತ್ತು ಡುಟಾಸ್ಟರೈಡ್ ಆರರಿಂದ ಹನ್ನೆರಡು ತಿಂಗಳಲ್ಲಿ ಪಿಎಸ್‌ಎ ಮಟ್ಟವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತವೆ. ಅಂಥವರ ವರದಿಯಲ್ಲಿ 3 ಎಂದಿದ್ದರೆ ಅದನ್ನು 6 ಎಂದೇ ಓದಿಕೊಳ್ಳಬೇಕಾಗುತ್ತದೆ; ಇಲ್ಲವಾದರೆ ಎಲ್ಲವೂ ಸರಿಯಿದೆಯೆಂಬ ಸುಳ್ಳು ಸಮಾಧಾನ ಉಳಿಯುತ್ತದೆ. ಕೂದಲುದುರುವುದಕ್ಕೆ ನುಂಗುವ ಕಡಿಮೆ ಪ್ರಮಾಣದ ಫಿನಾಸ್ಟರೈಡ್ ಗುಳಿಗೆಯೂ ಇದೇ ಕೆಲಸ ಮಾಡುತ್ತದೆ, ಆದರೆ ಅದು ‘ಔಷಧ’ವೆಂದು ಯಾರಿಗೂ ನೆನಪಾಗುವುದಿಲ್ಲ. ಕೂದಲು, ಉಗುರುಗಳಿಗೆಂದು ಸೇವಿಸುವ ಬಯೋಟಿನ್ ಕೂಡ ಕೆಲವು ಯಂತ್ರಗಳ ಫಲಿತಾಂಶವನ್ನು ಏರುಪೇರು ಮಾಡಬಲ್ಲದು. ಪರೀಕ್ಷೆಗೆಂದು ಯಾವ ಗುಳಿಗೆಯನ್ನೂ ತಾವಾಗಿ ನಿಲ್ಲಿಸಬೇಡಿ; ಹೇಳಿದರೆ ಸಾಕು.

ಅಂಕಿಯನ್ನು ಪ್ರತಿ ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು ಬರೆದಿರುತ್ತಾರೆ. 4ರ ಗೆರೆ ಅನುಕೂಲಕ್ಕಾಗಿ ಹಾಕಿಕೊಂಡದ್ದು. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 4 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲೂ ಬಯಾಪ್ಸಿ ಮಾಡಿದಾಗ ಸುಮಾರು 15 ಪ್ರತಿಶತ ಮಂದಿಯಲ್ಲಿ ಕ್ಯಾನ್ಸರ್ ಕಂಡಿತ್ತು. ಇನ್ನೊಂದೆಡೆ 4ರಿಂದ 10ರ ನಡುವೆ ಇರುವವರಲ್ಲಿ ಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಗುವುದು ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ; 10 ದಾಟಿದರೆ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು.

ಹೀಗಾಗಿ ಅಂಕಿ ಹೆಚ್ಚು ಬಂದಾಗ ಮೊದಲು ಮಾಡಬೇಕಾದದ್ದು, ಕೆಲವು ವಾರ ಬಿಟ್ಟು ಅದೇ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಅಳೆಸುವುದು. ಯಂತ್ರ ಬದಲಾದರೆ ಅಂಕಿಯೂ ಬದಲಾಗುತ್ತದೆ. ಎರಡನೆಯ ಸಲ ತಾನಾಗಿ ಕೆಳಗಿಳಿಯುವುದೂ ಅಪರೂಪವಲ್ಲ. ಮತ್ತೆ 4ರಿಂದ 10ರ ನಡುವೆಯೇ ಉಳಿದರೆ ‘ಫ್ರೀ ಪಿಎಸ್‌ಎ’ಯನ್ನು, ಅಂದರೆ ಬೇರೆ ಪ್ರೋಟೀನುಗಳಿಗೆ ಅಂಟಿಕೊಳ್ಳದ ಭಾಗವನ್ನು, ಅಳೆಸಬಹುದು. ಒಟ್ಟು 6 ಇದ್ದು ಫ್ರೀ 0.5 ಇದ್ದರೆ ಪ್ರಮಾಣ ಸುಮಾರು 8 ಪ್ರತಿಶತ. ಈ ಪ್ರಮಾಣ 10 ಪ್ರತಿಶತಕ್ಕಿಂತ ಕಡಿಮೆಯಾದದ್ದು ಕಳವಳಕ್ಕೆ ಕಾರಣ, 25 ಪ್ರತಿಶತಕ್ಕಿಂತ ಹೆಚ್ಚಿದ್ದರೆ ಕ್ಯಾನ್ಸರಿನ ಸಾಧ್ಯತೆ ಕಡಿಮೆ. ಗ್ರಂಥಿಯ ಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಅಂಕಿಯನ್ನು ಗಾತ್ರದಿಂದ ಭಾಗಿಸಿದರೆ ಸಿಗುವುದು ‘ಸಾಂದ್ರತೆ’; ಅದೇ 6, ಗ್ರಂಥಿ 60 ಮಿಲಿಲೀಟರ್ ಇದ್ದವರಲ್ಲಿ 0.10ರ ಸಾಂದ್ರತೆಯಾಗುತ್ತದೆ, 30 ಇದ್ದವರಲ್ಲಿ 0.20. ಸಾಮಾನ್ಯವಾಗಿ 0.15 ದಾಟಿದಾಗ ಯೂರಾಲಜಿಸ್ಟರು (ಮೂತ್ರರೋಗ ತಜ್ಞರು) ಹೆಚ್ಚು ಎಚ್ಚರ ವಹಿಸುತ್ತಾರೆ.

ಅನುಮಾನ ಉಳಿದರೆ ನೇರವಾಗಿ ಸೂಜಿಗೆ ಹೋಗದೆ ಮೊದಲು ಎಂಆರ್‌ಐ ಮಾಡಿಸುವ ಬಗ್ಗೆ ಕೇಳಿ. ಹಲವರಿಗೆ ಅದರಿಂದ ಬಯಾಪ್ಸಿಯೇ ತಪ್ಪುತ್ತದೆ, ಬೇಕಾದವರಿಗೆ ಎಲ್ಲಿಂದ ಮಾದರಿ ತೆಗೆಯಬೇಕೆಂಬುದು ತಿಳಿಯುತ್ತದೆ. ಕಡಿಮೆ ಅಪಾಯದ ಗಡ್ಡೆ ಸಿಕ್ಕಿದರೂ ಚಿಕಿತ್ಸೆಗೆ ಧಾವಿಸದೆ ನಿಗಾದಲ್ಲಿಡುವ ಕ್ರಮವಿದೆ, ಅಲ್ಲಿ ಇದೇ ಪರೀಕ್ಷೆ ಮತ್ತೆ ಮತ್ತೆ ನಡೆಯುತ್ತದೆ. ಆದ್ದರಿಂದ ಪ್ರತಿ ವರದಿಯ ಮೇಲೆ ದಿನಾಂಕ, ಪ್ರಯೋಗಾಲಯದ ಹೆಸರು, ಆಗ ಸೇವಿಸುತ್ತಿದ್ದ ಗುಳಿಗೆಗಳನ್ನು ಬರೆದು ಒಂದೇ ಕಡತದಲ್ಲಿ ಇಟ್ಟುಕೊಂಡು, ಪ್ರತಿ ಭೇಟಿಗೂ ಜೊತೆಗೆ ಒಯ್ಯಿರಿ.