ದುಡ್ಡು ಕೇಳೋ ರಿಸರ್ಚ್ ಪೇಪರ್‌ನ ಕಾನೂನು ಮೀರದೆ ಓದೋದು ಹೇಗೆ?

ಜರ್ನಲ್ ವೆಬ್‌ಸೈಟಲ್ಲಿ ದುಡ್ಡು ಕಟ್ಟಿ ಅಂತ ಬಂದ ತಕ್ಷಣ ಈ ಪೇಪರ್ ನಮಗೆ ಸಿಗಲ್ಲ ಬಿಡು ಅಂತ ಟ್ಯಾಬ್ ಮುಚ್ಚೋರು ತುಂಬಾ ಜನ ಇದ್ದಾರೆ. ನಾನೂ ಎಷ್ಟೋ ದಿನ ಹಂಗೇ ಮಾಡಿದೀನಿ, ಅಬ್‌ಸ್ಟ್ರಾಕ್ಟ್ ಅನ್ನೋ ಚಿಕ್ಕ ಸಾರಾಂಶ ಓದ್ಕೊಂಡು ಅಷ್ಟರಲ್ಲೇ ಸಮಾಧಾನ ಮಾಡ್ಕೊಂಡಿದೀನಿ. ಆದ್ರೆ ಒಂದು ವಿಷ್ಯ ಗೊತ್ತಾದ್ಮೇಲೆ ಹುಡುಕೋ ರೀತಿನೇ ಬದಲಾಯ್ತು: ಪೇಪರ್ ಅಂದ್ರೆ ಒಂದೇ ಫೈಲ್ ಅಲ್ಲ.

ಸಾಮಾನ್ಯವಾಗಿ ಮೂರು ಪ್ರತಿ ಇರತ್ತೆ. ಜರ್ನಲ್‌ಗೆ ಕಳ್ಸೋಕೆ ಮುಂಚೆ ಲೇಖಕರು ಬರೆದಿದ್ದು ಪ್ರಿಪ್ರಿಂಟ್. ಬೇರೆ ತಜ್ಞರಿಂದ ರಿವ್ಯೂ ಆಗಿ ತಿದ್ದುಪಡಿ ಎಲ್ಲ ಮುಗ್ದು ಒಪ್ಕೊಂಡ ಪ್ರತಿ ಅಕ್ಸೆಪ್ಟೆಡ್ ಮ್ಯಾನುಸ್ಕ್ರಿಪ್ಟ್. ಆಮೇಲೆ ಪಬ್ಲಿಷರ್ ಅಂದವಾಗಿ ಜೋಡ್ಸಿ ಪುಟಸಂಖ್ಯೆ ಹಾಕಿದ್ದು ಕೊನೇ ಪ್ರತಿ. ದುಡ್ಡು ಕೇಳೋದು ಹೆಚ್ಚಾಗಿ ಈ ಕೊನೇದಕ್ಕೆ. ಮೊದಲಿನ ಎರಡನ್ನ ಲೇಖಕರು ತಮ್ಮ ಯೂನಿವರ್ಸಿಟಿ ರೆಪಾಸಿಟರಿಲಿ, ಅಂದ್ರೆ ಆನ್‌ಲೈನ್ ಸಂಗ್ರಹದಲ್ಲಿ, ಹಾಕ್ಕೋಬಹುದು ಅಂತ ತುಂಬಾ ಪಬ್ಲಿಷರ್‌ಗಳೇ ಅನುಮತಿ ಕೊಟ್ಟಿರ್ತಾರೆ, ಎರಡನೇದಕ್ಕೆ ಮಾತ್ರ ಎಷ್ಟೋ ಪಬ್ಲಿಷರ್‌ಗಳು ಆರು ತಿಂಗಳೋ, ಒಂದು ವರ್ಷವೋ, ಅದಕ್ಕಿಂತ ಹೆಚ್ಚೋ ಕಾಯ್ಬೇಕು ಅಂತಾರೆ. ಹಾಗಾಗಿ ನಾವು ಹುಡುಕ್ತಿರೋದು ಕದ್ದ ಮಾಲಲ್ಲ, ಲೇಖಕರೇ ಇಟ್ಟಿರೋ ಪ್ರತಿ.

ಮೊದಲ ಕೆಲಸ, ಡಿಒಐ ಕಾಪಿ ಮಾಡ್ಕೊಳ್ಳಿ. 10 ಚುಕ್ಕಿಯಿಂದ ಶುರುವಾಗೋ ಉದ್ದನೆ ನಂಬರ್ ಅದು, ಪೇಪರ್ ಹೆಸರಿನ ಹತ್ರಾನೇ ಇರತ್ತೆ. ಹೆಸರು ಒಂದೇ ಥರ ಇರೋ ಪೇಪರ್‌ಗಳು ಎಷ್ಟೋ ಇರ್ತವೆ, ಡಿಒಐ ಮಾತ್ರ ಒಂದಕ್ಕೆ ಒಂದೇ.

ಆಮೇಲೆ ರಿಸರ್ಚ್ ಪೇಪರ್‌ಗಳನ್ನ ಹುಡುಕೋ ಗೂಗಲ್ ಸ್ಕಾಲರ್‌ಗೆ ಹೋಗಿ ಪೂರ್ತಿ ಶೀರ್ಷಿಕೆನ ಉದ್ಧರಣ ಚಿಹ್ನೆ ಒಳಗೆ ಹಾಕಿ ಹುಡುಕಿ. ಬಲಗಡೆ ಪಿಡಿಎಫ್ ಅಂತ ಲಿಂಕ್ ಬಂದ್ರೆ ಅಲ್ಲಿಗೆ ಕೆಲಸ ಮುಗೀತು. ಬರ್ಲಿಲ್ಲ ಅಂದ್ರೆ ಅಷ್ಟಕ್ಕೇ ಬಿಡ್ಬೇಡಿ, ಫಲಿತಾಂಶದ ಕೆಳಗೆ ಸಣ್ಣ ಅಕ್ಷರದಲ್ಲಿ ಎಲ್ಲಾ ವರ್ಷನ್‌ಗಳು ಅನ್ನೋ ಲಿಂಕ್ ಇರತ್ತೆ, ತುಂಬಾ ಜನ ಅದನ್ನ ಒತ್ತೋದೇ ಇಲ್ಲ, ಲೇಖಕರ ಸ್ವಂತ ಪುಟದಲ್ಲಿರೋ ಪ್ರತಿ ಎಷ್ಟೋ ಸಲ ಅಲ್ಲೇ ಸಿಗತ್ತೆ.

ಇದನ್ನ ಪ್ರತಿ ಸಲ ಕೈಯಲ್ಲೇ ಮಾಡೋದು ಕಷ್ಟ ಅನ್ಸಿದ್ರೆ ಅನ್‌ಪೇವಾಲ್ ಅನ್ನೋ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕ್ಕೊಳ್ಳಿ. ಲಾಭಕ್ಕಲ್ಲದ ಸಂಸ್ಥೆಯೊಂದು ನಡೆಸ್ತಿರೋದು, ಫ್ರೀ. ಪೇಪರ್ ಪುಟ ತೆಗೆದಾಗ ಪಕ್ಕದಲ್ಲಿ ಒಂದು ಬೀಗದ ಗುರುತು ಕಾಣತ್ತೆ, ಅದು ಹಸಿರಾಗಿದ್ರೆ ಎಲ್ಲೋ ಕಾನೂನುಬದ್ಧ ಪ್ರತಿ ಇದೆ ಅಂತ ಅರ್ಥ, ಕ್ಲಿಕ್ ಮಾಡಿದ್ರೆ ನೇರ ಅಲ್ಲಿಗೇ ಕರ್ಕೊಂಡು ಹೋಗತ್ತೆ. ಪೇಪರ್‌ಗಳನ್ನ ಜೋಡ್ಸಿಡೋ ಜೊಟೆರೋ ಸಾಫ್ಟ್‌ವೇರ್ ಬಳಸೋರಿಗೆ ಇನ್ನೂ ಸುಲಭ, ಐಟಂ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಅದೇ ಹುಡುಕಿ ಪಿಡಿಎಫ್ ಜೋಡಿಸ್ಕೊಳ್ಳತ್ತೆ.

ನಿಮ್ಮ ವಿಷಯದವರು ಪೇಪರ್ ಎಲ್ಲಿ ಹಾಕ್ತಾರೆ ಅಂತಾನೂ ತಿಳ್ಕೊಂಡಿರಿ. ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್‌ನವರಿಗೆ 1991ರಲ್ಲಿ ಶುರುವಾದ ಆರ್ಕೈವ್ (arXiv) ಅನ್ನೋ ಪ್ರಿಪ್ರಿಂಟ್ ತಾಣ ಇದೆ, ಬಯಾಲಜಿಗೆ ಬಯೋಆರ್ಕೈವ್, ಸಮಾಜ ವಿಜ್ಞಾನ, ಕಾನೂನಿಗೆ ಎಸ್‌ಎಸ್‌ಆರ್‌ಎನ್. ವೈದ್ಯಕೀಯ ಅಂದ್ರೆ ಪಬ್‌ಮೆಡ್ ಸೆಂಟ್ರಲ್. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ದುಡ್ಡಲ್ಲಿ ನಡೆದ ಸಂಶೋಧನೆ ಪ್ರಕಟವಾದ 12 ತಿಂಗಳೊಳಗೆ ಅಲ್ಲಿಗೆ ಬರ್ಬೇಕು ಅನ್ನೋ ನಿಯಮ 2008ರಿಂದ ಇತ್ತು, 2025ರ ಜುಲೈ 1ರಿಂದ ಈಚೆಗೆ ಜರ್ನಲ್ ಒಪ್ಕೊಂಡ ಪೇಪರ್‌ಗಳಿಗೆ ಆ ಕಾಯೋದೂ ಇಲ್ಲ, ಪ್ರಕಟವಾದ ದಿನವೇ ಸಿಗ್ಬೇಕು. ಜನರ ತೆರಿಗೆ ದುಡ್ಡಲ್ಲಿ ಆದ ಕೆಲಸ ಜನರಿಗೆ ಸಿಗೋದು ನ್ಯಾಯ ಅಂತಾನೇ ನನ್ನ ನಂಬಿಕೆ. ಹಳೇ ಮಾನವಿಕ ಲೇಖನ ಬೇಕಿದ್ರೆ ಜೆಸ್ಟೋರ್‌ನಲ್ಲಿ ಫ್ರೀ ಅಕೌಂಟ್ ಮಾಡ್ಕೊಳ್ಳಿ, 30 ದಿನಕ್ಕೆ 100 ಲೇಖನದ ತನಕ ಆನ್‌ಲೈನಲ್ಲೇ ಓದ್ಬಹುದು, ಡೌನ್‌ಲೋಡ್ ಮಾತ್ರ ಆಗಲ್ಲ.

ಇಷ್ಟಾದ್ರೂ ಸಿಗ್ಲಿಲ್ವಾ, ಲೈಬ್ರರಿಯವರನ್ನ ಕೇಳಿ. ನಿಮ್ಮ ಲೈಬ್ರರಿಲಿ ಆ ಜರ್ನಲ್ ಇಲ್ದಿದ್ರೂ ಬೇರೆ ಲೈಬ್ರರಿಯಿಂದ ಲೇಖನದ ಪ್ರತಿ ತರ್ಸಿಕೊಡೋ ವ್ಯವಸ್ಥೆ ಇರತ್ತೆ, ಇಂಟರ್‌ಲೈಬ್ರರಿ ಲೋನ್ ಅಂತಾರೆ. ಎಲ್ಲೂ ಓದ್ತಿಲ್ಲ ಅನ್ನೋರಿಗೂ ಕೆಲವು ಯೂನಿವರ್ಸಿಟಿ ಲೈಬ್ರರಿಗಳು ಒಳಗೆ ಬಂದು ಅಲ್ಲಿನ ಕಂಪ್ಯೂಟರಲ್ಲಿ ಓದೋಕೆ ಬಿಡ್ತವೆ, ಹೋಗೋ ಮುಂಚೆ ಒಂದು ಫೋನ್ ಮಾಡಿ ಕೇಳ್ಕೊಳ್ಳಿ. ವಿಕಿಪೀಡಿಯದಲ್ಲಿ ಬರೆಯೋ ಅಭ್ಯಾಸ ಇದ್ರೆ ಇನ್ನೊಂದು ದಾರಿ ಇದೆ, ಅಕೌಂಟ್‌ಗೆ ಆರು ತಿಂಗಳಾಗಿ, 500 ಎಡಿಟ್ ಆಗಿ, ಕಳೆದ 30 ದಿನದಲ್ಲಿ 10 ಎಡಿಟ್ ಇದ್ರೆ ವಿಕಿಪೀಡಿಯ ಲೈಬ್ರರಿ ಮೂಲಕ ದೊಡ್ಡ ದೊಡ್ಡ ಪಬ್ಲಿಷರ್‌ಗಳ ಸಂಗ್ರಹ ತೆರ್ಕೊಳ್ಳತ್ತೆ.

ಈಗ ನಾನು ಅತಿ ಹೆಚ್ಚು ನಂಬೋ ದಾರಿ: ಲೇಖಕರಿಗೇ ಮೇಲ್ ಹಾಕಿ. ಜರ್ನಲ್ ಲೇಖನ ಮಾರಾಟವಾದ್ರೆ ಬರೆದವರಿಗೆ ಸಾಮಾನ್ಯವಾಗಿ ಒಂದು ಪೈಸೆನೂ ಬರಲ್ಲ, ಅವರಿಗೆ ಬೇಕಿರೋದು ಯಾರಾದ್ರೂ ಓದ್ಲಿ ಅನ್ನೋದು, ಸಂಶೋಧನೆಗೆ ಅಂತ ಕೇಳಿದವರಿಗೆ ಒಂದು ಪ್ರತಿ ಕಳ್ಸೋಕೆ ಹೆಚ್ಚಿನ ಪಬ್ಲಿಷರ್‌ಗಳು ಅಡ್ಡಿ ಮಾಡಲ್ಲ. ಕರೆಸ್ಪಾಂಡಿಂಗ್ ಆಥರ್, ಅಂದ್ರೆ ಪತ್ರ ವ್ಯವಹಾರ ನೋಡ್ಕೊಳ್ಳೋ ಲೇಖಕರು, ಅಂತ ಹೆಚ್ಚಾಗಿ ಅಬ್‌ಸ್ಟ್ರಾಕ್ಟ್ ಪುಟದಲ್ಲೇ ಮೇಲ್ ಐಡಿ ಇರತ್ತೆ. ಅವರು ಕೆಲಸ ಬದಲಾಯಿಸಿದ್ರೆ ಆ ಐಡಿ ಸತ್ತಿರತ್ತೆ, ಆಗ ಸಂಶೋಧಕರ ಗುರುತಿನ ತಾಣ ಆರ್ಕಿಡ್‌ನ (ORCID) ಪುಟದಲ್ಲೋ ಈಗಿನ ಡಿಪಾರ್ಟ್‌ಮೆಂಟ್ ಪುಟದಲ್ಲೋ ಹೊಸದು ಹುಡುಕಿ, ಇಲ್ಲಾ ಎರಡನೇ ಲೇಖಕರಿಗೆ ಬರೀರಿ. ಪಿಎಚ್‌ಡಿ ವಿದ್ಯಾರ್ಥಿ ಆಗಿದ್ದಾಗ ಬರೆದವರು ಬೇಗ ಉತ್ತರ ಕೊಡ್ತಾರೆ ಅನ್ನೋದು ನನ್ನ ಅನುಭವ.

ಮೇಲ್ ನಾಲ್ಕೈದು ಸಾಲು ಇದ್ರೆ ಸಾಕು. ನೀವ್ಯಾರು, ಯಾವ ಪೇಪರ್ ಅನ್ನೋದು ಡಿಒಐ ಸಮೇತ, ಅದು ನಿಮ್ಮ ಕೆಲಸಕ್ಕೆ ಯಾಕೆ ಬೇಕು, ಅಕ್ಸೆಪ್ಟೆಡ್ ಮ್ಯಾನುಸ್ಕ್ರಿಪ್ಟ್ ಆದ್ರೂ ಪರವಾಗಿಲ್ಲ ಅಂತ. ಯಾಕೆ ಬೇಕು ಅನ್ನೋ ಆ ಒಂದು ಸಾಲು ಬಿಡ್ಬೇಡಿ. ನಾನು ಒಮ್ಮೆ ಹಂಗೆ ಬರೆದಾಗ ಎಂಟು ದಿನ ಉತ್ತರ ಇರ್ಲಿಲ್ಲ, ಆಮೇಲೆ ಪೇಪರ್ ಜೊತೆಗೆ ಜಾಗ ಸಾಲದೆ ಜರ್ನಲ್‌ನಲ್ಲಿ ಬಿಟ್ಟಿದ್ದ ಒಂದು ಟೇಬಲ್ಲನ್ನೂ ಕಳ್ಸಿದ್ರು, ದುಡ್ಡು ಕೊಟ್ಟಿದ್ರೂ ನನಗೆ ಅದು ಸಿಗ್ತಿರ್ಲಿಲ್ಲ. ಹತ್ತು ದಿನ ಕಾದು ಒಂದೇ ಒಂದು ಸಲ ನೆನಪು ಮಾಡಿ, ಅದಕ್ಕಿಂತ ಹೆಚ್ಚು ಬೇಡ.

ಬೇರೆಯವರ ಕಾಲೇಜ್ ಲಾಗಿನ್ ಇಸ್ಕೊಂಡು ಪೇಪರ್ ಇಳ್ಸೋದು ಮಾತ್ರ ಮಾಡ್ಬೇಡಿ, ಲೈಸೆನ್ಸ್ ಷರತ್ತಿಗೆ ವಿರುದ್ಧ. ಒಂದೇ ಲಾಗಿನ್‌ನಿಂದ ರಾಶಿ ರಾಶಿ ಡೌನ್‌ಲೋಡ್ ಆದ್ರೆ ಪಬ್ಲಿಷರ್ ಇಡೀ ಕ್ಯಾಂಪಸ್‌ಗೇ ಬಾಗಿಲು ಹಾಕ್ಬಹುದು.

ಪ್ರತಿ ಕೈಗೆ ಸಿಕ್ಮೇಲೆ ಅದು ಮೂರರಲ್ಲಿ ಯಾವ್ದು ಅಂತ ನೋಡ್ಕೊಳ್ಳಿ. ಪ್ರಿಪ್ರಿಂಟ್‌ನಲ್ಲಿದ್ದ ಅಂಕಿ ರಿವ್ಯೂ ಆದ್ಮೇಲೆ ಬದಲಾಗಿರಬಹುದು, ಪುಟಸಂಖ್ಯೆ ಅಂತೂ ಹೊಂದಲ್ಲ, ಹಾಗಾಗಿ ಓದಿದ್ದು ಯಾವ ಪ್ರತಿಯೋ ಅದನ್ನೇ ಉಲ್ಲೇಖ ಮಾಡಿ. ತಪ್ಪಿದೆ ಅಂತ ಜರ್ನಲ್‌ನವರು ಪೇಪರ್ ವಾಪಸ್ ಪಡೆದಿದಾರಾ ಅಂತ ಡಿಒಐ ಪುಟ ತೆಗೆದು ಒಮ್ಮೆ ನೋಡಿ, ಹಳೇ ಪಿಡಿಎಫ್‌ನಲ್ಲಿ ಅದು ಗೊತ್ತಾಗಲ್ಲ. ಲೇಖಕರು ನಿಮಗೆ ಅಂತ ಕಳ್ಸಿದ ಫೈಲ್‌ನ ಗ್ರೂಪಲ್ಲೆಲ್ಲ ಹಾಕ್ಬೇಡಿ, ಯಾರಾದ್ರೂ ಕೇಳಿದ್ರೆ ಡಿಒಐ ಕೊಟ್ಟು ಮೇಲ್ ಹೇಗೆ ಬರೀಬೇಕು ಅಂತ ತೋರ್ಸಿಕೊಡಿ.