ರೋಹಿಣಿ ಮಳೆಗೆ ಮೊದಲೇ ಹೆಂಚು ಕೈಯಾಡಿಸಿ

ಹೆಂಚಿನ ಮನೆ ಸೋರಿದರೆ ಹೆಚ್ಚಿನವರು ನೀರು ತೊಟ್ಟಿಕ್ಕುವ ಜಾಗದ ನೇರ ಮೇಲಿನ ಹೆಂಚನ್ನು ಬದಲಿಸುತ್ತಾರೆ; ಮರುದಿನ ಮತ್ತೆ ಅಲ್ಲೇ ಪಾತ್ರೆ ಇಡುತ್ತಾರೆ. ಒಳಬಂದ ನೀರು ಪಕಾಸಿನ (ಹೆಂಚಿನ ಭಾರ ಹೊರುವ ಇಳಿಜಾರು ಮರದ) ಬದಿ ಹಿಡಿದು ಇಳಿಯುತ್ತಾ ಹೋಗಿ, ಗಂಟೋ ಮೊಳೆಯೋ ಅಡ್ಡ ಬಂದಲ್ಲಿ ಕೆಳಗೆ ಬೀಳುತ್ತದೆ. ಮರದ ಮೇಲಿನ ಕಪ್ಪು ಕಲೆಯ ಜಾಡು ಹಿಡಿದು ಮೇಲಕ್ಕೆ ಹುಡುಕಿ, ತೂತು ಸಿಗುತ್ತದೆ.

ಹುಡುಕಲು ಏಪ್ರಿಲ್, ಮೇ ತಿಂಗಳ ನಡುಮಧ್ಯಾಹ್ನವೇ ಸರಿಯಾದ ಹೊತ್ತು. ಅಟ್ಟ ಹತ್ತಿ, ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದುವ ತನಕ ಸುಮ್ಮನೆ ಕುಳಿತುಕೊಳ್ಳಿ. ಸರಿದ ಹೆಂಚು, ಮುರಿದ ಮೂಲೆ ಎಲ್ಲವೂ ಬಿಸಿಲಿನ ಗೆರೆಯಾಗಿ ಕಾಣುತ್ತವೆ. ಪಕ್ಕದ ಪಕಾಸಿಗೆ ಸೀಮೆಸುಣ್ಣದ ಗುರುತು ಹಾಕಿಬಿಡಿ. ಬೆಳಕು ತೂರದಷ್ಟು ಸಣ್ಣ ಬಿರುಕುಗಳೂ ಇರುತ್ತವೆ. ಅದಕ್ಕೆ ಕಿವಿಯೇ ಬೇಕು: ಬೆರಳ ಗಂಟಿನಿಂದ ತಟ್ಟಿದರೆ ಗಟ್ಟಿ ಹೆಂಚು ಟಣ್ ಎನ್ನುತ್ತದೆ, ಬಿರಿದ ಹೆಂಚಿನ ಸದ್ದು ಮಂದ.

ಕೈಗೆಟಕುವ ಕಡೆ ಹೆಂಚನ್ನು ಒಳಗಿನಿಂದಲೇ ಬದಲಿಸಬಹುದು. ಮೇಲಿನ ಸಾಲಿನ ಹೆಂಚನ್ನು ತುಸು ಮೇಲೆ ಸರಿಸಿ, ಒಡೆದದ್ದನ್ನು ರೀಪಿನಿಂದ (ಪಕಾಸುಗಳ ಮೇಲೆ ಅಡ್ಡ ಬಡಿದ ಮರದ ಪಟ್ಟಿಯಿಂದ) ಬಿಡಿಸಿ ಓರೆಯಾಗಿ ಒಳಗೆಳೆದುಕೊಳ್ಳಿ. ಹೊಸದನ್ನು ತರುವ ಮೊದಲು ಹಳೆಯದರ ಮೇಲೆ ಅಚ್ಚಾದ ಕಾರ್ಖಾನೆಯ ಹೆಸರನ್ನು ಓದಿ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚು ಸುಡಲು ಶುರುಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಂದರ ಹೆಂಚಿನ ಅಂಚಿನ ಗಾಡಿಗೆ (ತೋಡಿಗೆ) ಇನ್ನೊಂದರದ್ದು ಸರಿಯಾಗಿ ಕೂರದಿದ್ದರೆ ಆ ಸಂದಿಯೇ ಹೊಸ ಸೋರಿಕೆ. ಹಳೆಯ ಮನೆ ಕಳಚುವವರಿದ್ದರೆ ಅದೇ ಹೆಸರಿನ ಹೆಂಚುಗಳನ್ನು ಕೇಳಿ ತಂದು ಹಿತ್ತಿಲಿನಲ್ಲಿ ಜೋಡಿಸಿಡಿ. ಮಂಗಗಳ ಕಾಟವಿರುವ ಊರಿನಲ್ಲಿ ಇದು ಬಹಳ ಅಗತ್ಯ.

ಅಂಗಳದಲ್ಲಿ ದೂರ ನಿಂತು ಮಾಡನ್ನೂ (ಹೆಂಚಿನ ಇಳಿಜಾರು ಸೂರನ್ನೂ) ಒಮ್ಮೆ ನೋಡಿ. ಎಲ್ಲಾದರೂ ಸಾಲು ತಗ್ಗಿದ್ದರೆ ತಪ್ಪು ಹೆಂಚಿನದ್ದಲ್ಲ, ಅಡಿಯ ಮರದ್ದು. ಚಾಕುವಿನ ಮೊನೆಯಿಂದ ರೀಪನ್ನು ಚುಚ್ಚಿ. ಸಲೀಸಾಗಿ ಒಳಹೋದರೆ ಅದನ್ನು ತೆಗೆಯಲೇಬೇಕು. ಗೋಡೆಯಲ್ಲಿ ಗೆದ್ದಲಿನ ಮಣ್ಣಿನ ಗೆರೆ ಮೇಲೇರಿದ್ದರೆ, ಗೆದ್ದಲಿಗೆ ಮದ್ದು ಮಾಡದೆ ಹೊಸ ಮರ ಹಾಕುವುದು ಹಣವನ್ನು ನೀರಿಗೆ ಸುರಿದಂತೆ.

ಪಾಚಿಯನ್ನು ಅಂದದ ವಿಷಯವೆಂದು ಬಿಡಬೇಡಿ. ಅದು ನೀರನ್ನು ಹಿಡಿದಿಟ್ಟು, ಒಂದರ ಮೇಲೊಂದು ಕೂತ ಹೆಂಚುಗಳ ಸಂದಿಗೆ ತಳ್ಳುತ್ತದೆ. ಒಣಗಿದಾಗ ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಎರಡು ಮಾಡು ಕೂಡುವ ಕಡೆಯ ತಗಡಿನ ದೋಣಿಯಲ್ಲಿ ಎಲೆ ಕಟ್ಟಿದ್ದರೆ ನೀರು ಉಕ್ಕಿ ಒಳಗಿಳಿಯುತ್ತದೆ. ಅದನ್ನು ಮಳೆಗಾಲದ ನಡುವೆಯೂ ಮಳೆ ಬಿಟ್ಟ ಹೊಳವು ನೋಡಿ ಬಳಿದು ತೆಗೆಯುತ್ತಿರಬೇಕು. ನೆತ್ತಿಯ ಹೆಂಚಿನ ಗಾರೆ ಬಿರಿದಿದ್ದರೆ ಸಡಿಲವಾದದ್ದನ್ನು ಪೂರ್ತಿ ಕೆರೆದು, ನೀರು ಚಿಮುಕಿಸಿ ಹೊಸ ಗಾರೆ ತುಂಬಿ. ಹಳೆಯದರ ಮೇಲೆಯೇ ಸಿಮೆಂಟು ಬಳಿದರೆ ಒಂದೇ ಬೇಸಿಗೆಗೆ ಎದ್ದುಬರುತ್ತದೆ.

ಜಡಿಮಳೆಯಲ್ಲಿ ಹೆಂಚು ಒಡೆದರೆ ಹೊರಗಿನಿಂದ ಏಣಿ ಹಾಕಬೇಡಿ, ಪಾಚಿಯ ಮೇಲೆ ಕಾಲು ನಿಲ್ಲುವುದಿಲ್ಲ. ಮೊದಲು ಮೇನ್ ಸ್ವಿಚ್ ಆರಿಸಿ. ಒದ್ದೆ ಅಟ್ಟದಲ್ಲಿ ವೈರಿಂಗ್ ಇದ್ದರೆ ಪ್ರಾಣಕ್ಕೇ ಅಪಾಯ. ಆಮೇಲೆ ಟಾರ್ಚ್ ಹಿಡಿದು ಹೋಗಿ, ಒಡೆದ ಹೆಂಚಿನ ಅಡಿಗೆ ತಗಡಿನ ತುಂಡನ್ನೋ ಅಡಿಕೆ ಹಾಳೆಯನ್ನೋ ತೂರಿಸಿ. ಅದರ ಮೇಲಂಚು ಮೇಲಿನ ಸಾಲಿನ ಹೆಂಚಿನ ಅಡಿಗೆ, ಕೆಳಅಂಚು ಕೆಳಗಿನ ಸಾಲಿನ ಮೇಲಕ್ಕೆ ಬರಬೇಕು. ಮಳೆ ಬಿಡುವು ಕೊಡುವ ತನಕ ಅಷ್ಟು ತಡೆಯುತ್ತದೆ.